ಎಲ್ಲರಿಗೂ ಸೋಮವಾರ

ಲಂಡನ್ನಿನ ಅಂಚಿನ ಸಟನ್‌ನಲ್ಲಿ ನಾನು ಕೆಲಸ ಮಾಡುವ ದವಾಖಾನೆಯ ಮಹಡಿಯ ಮೇಲೆ ಒಂದು ಕಿರಿದಾದ ಕೋಣೆಯಿದೆ. ಎರಡು ಮೇಜು, ಎರಡು ಕಂಪ್ಯೂಟರ್, ಎರಡು ಫೋನು. ಆ ಬೇಸಿಗೆಯಲ್ಲಿ ಎದುರು ಮೇಜಿನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು, ನನ್ನದು ಸುಮ್ಮನಿರುತ್ತಿತ್ತು. ನಡೆದದ್ದನ್ನು ಎಲ್ಲಿಂದ ಹೇಳಲು ಶುರು ಮಾಡಿದರೂ ಈ ಎರಡು ಫೋನುಗಳ ಬಳಿಗೇ ಬಂದು ನಿಲ್ಲುತ್ತೇನೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುವುದು ಪ್ರಾಮಾಣಿಕ.

ನಮ್ಮದು ರಿಪೀಟ್ ಪ್ರಿಸ್ಕ್ರಿಪ್ಷನ್ ಕೆಲಸ. ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್ ಎಂದು ವರ್ಷಗಟ್ಟಲೆ ನುಂಗಬೇಕಾದ ಮಾತ್ರೆಗಳಿಗೆ ಜನ ಪ್ರತಿ ತಿಂಗಳೂ ಜಿಪಿಯನ್ನು, ಅಂದರೆ ಬಡಾವಣೆಯ ಡಾಕ್ಟರನ್ನು, ಕಾಣಬೇಕಾಗಿಲ್ಲ. ಮಾತ್ರೆ ಮುಗಿಯುತ್ತ ಬಂದಾಗ ಕೆಲವರು ಆ್ಯಪ್‌ನಲ್ಲಿ ಕೇಳುತ್ತಾರೆ, ಕೆಲವರು ಚೀಟಿಗೆ ಗುರುತು ಹಾಕಿ ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕುತ್ತಾರೆ, ತೀರ ವಯಸ್ಸಾದವರು ಫೋನ್ ಮಾಡುತ್ತಾರೆ. ಫಾರ್ಮಸಿಸ್ಟರಾದ ನಾವು ಒಂದೊಂದು ಕೋರಿಕೆಯನ್ನೂ ತೆರೆದು ನೋಡುತ್ತೇವೆ. ಹಿಂದಿನ ಸಲ ಯಾವಾಗ ಕೊಟ್ಟಿದ್ದು, ಅವಧಿಗೆ ಮುಂಚೆ ಕೇಳುತ್ತಿದ್ದಾರೆಯೇ, ತಡವಾಗಿ ಕೇಳುತ್ತಿದ್ದಾರೆಯೇ, ರಕ್ತಪರೀಕ್ಷೆ ಆಗಿದೆಯೇ. ಎಲ್ಲ ಸರಿಯಿದ್ದರೆ ಒಪ್ಪಿಗೆ ಕೊಡುತ್ತೇವೆ. ಅಲ್ಲಿಂದ ಅದು ನೇರ ಅವರ ಕೆಮಿಸ್ಟ್ ಅಂಗಡಿಗೆ ಹೋಗುತ್ತದೆ.

ಈ ಕೆಲಸ ನನ್ನ ಸ್ವಭಾವಕ್ಕೆ ಹೊಂದುತ್ತದೆ. ಧಾರವಾಡದಲ್ಲಿ ಫಾರ್ಮಸಿ ಓದುವಾಗಲೇ ಯಾವುದನ್ನೂ ಸುಮ್ಮನೆ ನಂಬದ ಗುಣ ನನಗೆ ಅಂಟಿಕೊಂಡಿತ್ತು. ಈಚೆಗೆ ಆ ಅಪನಂಬಿಕೆ ನನ್ನ ನೆನಪಿನ ಮೇಲೂ ತಿರುಗಿದೆ. ಒಬ್ಬರಿಗೆ ಹೇಳಿದ ಮಾತನ್ನು ಇನ್ನೊಬ್ಬರಿಗೆ ಹೇಳಿದೆ ಎಂದುಕೊಂಡಿರುತ್ತೇನೆ, ಕೇಳಬೇಕೆಂದುಕೊಂಡದ್ದನ್ನು ಕೇಳಿಯೇ ಬಿಟ್ಟೆ ಎಂದುಕೊಂಡಿರುತ್ತೇನೆ. ಹಾಗಾಗಿ ನನಗೆ ಮನುಷ್ಯರ ಮಾತಿಗಿಂತ ಪರದೆಯ ಮೇಲಿನ ತಾರೀಖುಗಳೇ ಹೆಚ್ಚು ಆಪ್ತ.

ವಸಂತದಲ್ಲಿ ಎದುರಿನ ಮೇಜಿಗೆ ಹೊಸ ಫಾರ್ಮಸಿಸ್ಟ್ ಬಂದಳು. ನನಗಿಂತ ಕಿರಿಯಳು, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರ ಮನೆಯವಳು. ಅಲ್ಲಿಯವರೆಗೆ ಕನ್ನಡದಲ್ಲಿ ಮಾತಾಡಬೇಕೆನ್ನುವ ಹಿರಿಯರನ್ನು ಕೆಳಗಿನ ರಿಸೆಪ್ಷನ್ನಿನವರು ನನ್ನ ಫೋನಿಗೆ ಕೊಡುತ್ತಿದ್ದರು. ಡಾಕ್ಟರಾದ ಮಕ್ಕಳ ಜೊತೆ ಇರಲು ಬಂದ ಮೈಸೂರು, ಬೆಂಗಳೂರು, ಧಾರವಾಡದ ತಾಯಿತಂದೆಯರು ನಮ್ಮಲ್ಲಿ ಸಾಕಷ್ಟಿದ್ದಾರೆ. ಆಕೆ ಬಂದ ಕೆಲವೇ ವಾರಗಳಲ್ಲಿ ಅವರೆಲ್ಲ ಹೆಸರು ಕೇಳದೆಯೇ "ಮಂಗಳೂರು ಹುಡುಗಿಗೆ ಕೊಡಿ" ಎನ್ನತೊಡಗಿದರು. ತಾನು ಮಂಗಳೂರಿನವಳಲ್ಲ ಎಂದು ತಿದ್ದುವುದನ್ನು ಆಕೆ ಬೇಗನೆ ಬಿಟ್ಟುಬಿಟ್ಟಳು. ಅದೂ ನನಗೆ ಕಿರಿಕಿರಿಯೇ. ನಾನಾಗಿದ್ದರೆ ತಿದ್ದುತ್ತಿದ್ದೆ.

"ಎಂತ ಅಮ್ಮ, ಊಟ ಆಯ್ತಾ? ಎಂತ ಅಡಿಗೆ?" ಎಂದು ಶುರು ಮಾಡುತ್ತಿದ್ದಳು. ಸೊಸೆಯ ಸಿಟ್ಟು, ಮೊಮ್ಮಗಳ ಪರೀಕ್ಷೆ, ಮಂಡಿ ನೋವು ಎಲ್ಲ ಮುಗಿದು ಮಾತ್ರೆಯ ವಿಷಯ ಬರುವಷ್ಟರಲ್ಲಿ ನಾನು ಹತ್ತಾರು ಕೋರಿಕೆ ಮುಗಿಸಿರುತ್ತಿದ್ದೆ. ಆದರೂ ಹಿರಿಯ ಡಾಕ್ಟರು ಬಾಗಿಲಲ್ಲಿ ಇಣುಕಿ ಸಲಹೆ ಕೇಳುತ್ತಿದ್ದುದು ಆಕೆಯನ್ನು. ಇದು ಜನರ ಪಕ್ಷಪಾತವೋ ನಿಜವಾದ ಕೌಶಲವೋ ಎಂದು ಪರೀಕ್ಷಿಸಲು ನಾನೂ ಒಮ್ಮೆ ಒಬ್ಬ ಮುದುಕರಿಗೆ "ಊಟ ಆಯ್ತಾ?" ಎಂದು ಕೇಳಿದೆ.

"ಇಲ್ಲ. ಯಾಕ್ರೀ? ಬ್ಲಡ್ ಟೆಸ್ಟ್ ಇದೆಯಾ?" ಎಂದರು ಅವರು ಗಾಬರಿಯಾಗಿ.

ಎದುರು ಮೇಜಿನವಳು ನಗು ತಡೆಯಲು ಕೆಮ್ಮಿದಳು. ಆ ಕೆಮ್ಮು ಎಷ್ಟೋ ದಿನ ನನ್ನ ಕಿವಿಯಲ್ಲಿತ್ತು.

ಇನ್ನು ಮೆಥೊಟ್ರೆಕ್ಸೇಟ್. ಕೀಲುವಾತಕ್ಕೆ ಕೊಡುವ ಮಾತ್ರೆ. ವಾರಕ್ಕೆ ಒಂದೇ ದಿನ, ಕೆಲವು ಸಣ್ಣ ಮಾತ್ರೆಗಳನ್ನು ಒಟ್ಟಿಗೆ ನುಂಗಬೇಕು. ಅದೇ ಪ್ರಮಾಣವನ್ನು ದಿನವೂ ನುಂಗಿದರೆ ರಕ್ತ ತಯಾರಾಗುವುದೇ ನಿಂತುಹೋಗುತ್ತದೆ. ಜೀವ ಹೋಗುತ್ತದೆ. ಅದರ ಉಪದ್ರವ ತಗ್ಗಿಸಲು ಫೋಲಿಕ್ ಆಸಿಡ್ ಎಂಬ ಇನ್ನೊಂದು ಮಾತ್ರೆಯನ್ನು ಬೇರೆ ದಿನ ಕೊಡುತ್ತಾರೆ. ನಮ್ಮಲ್ಲಿ ಒಬ್ಬೊಬ್ಬರು ವಾರದ ಒಂದೊಂದು ದಿನ ಇದನ್ನು ನುಂಗುತ್ತಿದ್ದರು. ಅದು ಅಪಾಯಕ್ಕೆ ದಾರಿ ಎಂದು ನಾನು ಎಲ್ಲರನ್ನೂ ಒಂದೇ ದಿನಕ್ಕೆ ತಂದೆ. ಮೆಥೊಟ್ರೆಕ್ಸೇಟ್ ಮಂಡೇ, ಫೋಲಿಕ್ ಫ್ರೈಡೇ. ಇಂಗ್ಲಿಷಿನಲ್ಲಿ ಮೊದಲ ಅಕ್ಷರ ಒಂದೇ ಆದ್ದರಿಂದ ಮರೆಯುವುದಿಲ್ಲ. ಈ ನಿಯಮ ನನ್ನ ಕಲ್ಪನೆಯಲ್ಲ, ಎಷ್ಟೋ ಕಡೆ ಇದೆ. ಆದರೆ ನಮ್ಮ ದವಾಖಾನೆಗೆ ಅದನ್ನು ತಂದವನು ನಾನು. ಪ್ರತಿಯೊಬ್ಬರಿಗೂ ಫೋನ್ ಮಾಡಿ, ಇದು ವಿಷದಂಥ ಮಾತ್ರೆ, ಕೈಯಿಂದ ಮುಟ್ಟಬೇಡಿ, ಮುಟ್ಟಿದರೆ ಕೈ ತೊಳೆಯಿರಿ ಎಂದು ವಿವರಿಸಿದವನೂ ನಾನೇ. ಆಕೆ ಬರುವ ಮುಂಚಿನ ಕೆಲಸ ಅದು. ಪೂರ್ತಿ ನನ್ನದು.

ಹಾಗೆ ಸೋಮವಾರಕ್ಕೆ ಬಂದವರಲ್ಲಿ ಮೈಸೂರಿನ ಒಬ್ಬ ಅಮ್ಮ ಇದ್ದರು. ನಿವೃತ್ತ ಶಾಲಾ ಶಿಕ್ಷಕಿ. ಮಗ ಆಸ್ಪತ್ರೆಯಲ್ಲಿ ಡಾಕ್ಟರು, ಸೊಸೆ ಮನೆಯಿಂದಲೇ ಕೆಲಸ ಮಾಡುವವರು. ಕೈಬೆರಳಿನ ಗಿಣ್ಣುಗಳು ಬಾತು ಬಹಳ ಕಷ್ಟಪಟ್ಟವರು, ಈ ಮಾತ್ರೆಯಿಂದ ಸುಧಾರಿಸಿದ್ದರು. ಅವರ ಕೋರಿಕೆ ಪ್ರತಿ ತಿಂಗಳೂ ಗಡಿಯಾರದಂತೆ ಬರುತ್ತಿತ್ತು. ನನ್ನ ದೃಷ್ಟಿಯಲ್ಲಿ ಆದರ್ಶ ರೋಗಿ.

ಬೇಸಿಗೆ ಮುಗಿಯುವ ಹೊತ್ತಿಗೆ ಅವರ ಬಗ್ಗೆ ಆಸ್ಪತ್ರೆಯಿಂದ ಪತ್ರ ಬಂತು. ಕೆಲ ವಾರಗಳ ಹಿಂದೆ ಪರೀಕ್ಷಿಸಿದಾಗ ಬೆರಳುಗಳು ಮತ್ತೆ ಬಾತಿದ್ದವು, ಮಾತ್ರೆಯ ಪ್ರಮಾಣ ಹೆಚ್ಚಿಸಿ ಎಂದಿತ್ತು. ಇಂಥ ಪತ್ರ ಟೈಪಾಗಿ ಕೈಸೇರುವುದು ತಡವೇ. ನಾನು ಹಳೆಯ ರಕ್ತಪರೀಕ್ಷೆ ನೋಡಿದೆ, ಸರಿಯಿತ್ತು. ಕೋರಿಕೆಗಳ ತಾರೀಖು ನೋಡಿದೆ, ಒಂದೂ ತಪ್ಪಿರಲಿಲ್ಲ. ಮಾತ್ರೆ ಸರಿಯಾಗಿ ತೆಗೆದುಕೊಂಡೂ ನೋವು ಹೆಚ್ಚಾಗಿದೆ ಎಂದರೆ ಪ್ರಮಾಣ ಸಾಲದು. ತರ್ಕ ಶುದ್ಧವಾಗಿತ್ತು. ಒಪ್ಪಿಗೆ ಕೊಡಲು ಹೋದರೆ ಪರದೆಯ ಮೇಲೆ ಎದುರು ಮೇಜಿನವಳ ಟಿಪ್ಪಣಿ ಅಡ್ಡ ಬಂತು: ಮನೆಯಲ್ಲಿ ಮಾತ್ರೆ ಉಳಿದಿದೆ ಅನ್ನುತ್ತಾರೆ. ನಾನು ಮಾತಾಡುವ ತನಕ ಕೊಡಬೇಡಿ.

ಇಷ್ಟೇ. ಸೋಮವಾರದ ಮಾತ್ರೆ, ನನ್ನ ರೋಗಿ, ನನಗೇ ಕೊಡಬೇಡಿ ಎಂಬ ಅಪ್ಪಣೆ. ಆಕೆ ಊಟದ ಡಬ್ಬಿ ಹಿಡಿದು ಕೆಳಗೆ ಹೋಗಿದ್ದಳು. ತಡೆಯನ್ನು ತೆಗೆದುಹಾಕುವ ಅಧಿಕಾರ ನನಗಿತ್ತು, ತೆಗೆಯುವ ಮನಸ್ಸೂ ಇತ್ತು. ಕೊನೆಗೆ ನನ್ನನ್ನು ನಿಲ್ಲಿಸಿದ್ದು ವಿವೇಕವಲ್ಲ. ಆಕೆಯ ಅನುಮಾನ ತಪ್ಪೆಂದು ರೋಗಿಯ ಬಾಯಿಂದಲೇ ಹೇಳಿಸಿ, ಅದನ್ನು ಆ ಟಿಪ್ಪಣಿಯ ಕೆಳಗೇ ಬರೆಯಬೇಕೆಂಬ ಆಸೆ. ಫೋನ್ ಮಾಡಿದೆ.

"ಅಮ್ಮಾ, ನಾನು ಸರ್ಜರಿಯಿಂದ ಮಾತಾಡ್ತಿದೀನಿ." ಜಿಪಿಯ ದವಾಖಾನೆಯನ್ನು ಇಲ್ಲಿ ಸರ್ಜರಿ ಎಂದೇ ಕರೆಯುತ್ತಾರೆ.

"ಓ, ನೀವಾ. ಆ ಮಂಗಳೂರು ಹುಡುಗಿ ಇಲ್ವೇ?"

"ಊಟಕ್ಕೆ ಹೋಗಿದಾರೆ. ನಿಮ್ಮ ಸೋಮವಾರದ ಮಾತ್ರೆ ಸರಿಯಾಗಿ ತಗೋತಿದೀರಲ್ಲ?"

"ತಗೋತಿದೀನಪ್ಪಾ. ಒಂದೂ ದಂಡ ಮಾಡಿಲ್ಲ."

ಗೆದ್ದೆ ಎಂದುಕೊಂಡೆ. ಆದರೆ ಅವರ ಮಾತು ತೊದಲಿದಂತಿತ್ತು, ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡಿದ ಹಾಗೆ. ಕೇಳಿದೆ.

"ಏನಿಲ್ಲಪ್ಪ, ಬಾಯೆಲ್ಲ ಹುಣ್ಣು. ಮಗ ಯಾವುದೋ ಜೆಲ್ ತಂದ್ಕೊಟ್ಟಿದಾನೆ."

ಈ ಮಾತ್ರೆ ನುಂಗುವವರ ಬಾಯಿ ಹುಣ್ಣಾದರೆ ಮೈಯಲ್ಲಿ ಅದು ಮಿತಿಮೀರಿದೆ ಎಂದೇ ಮೊದಲು ಯೋಚಿಸಬೇಕು. ಆದರೆ ಎದುರು ಮೇಜಿನವಳ ಟಿಪ್ಪಣಿಯ ಪ್ರಕಾರ ಮಾತ್ರೆ ಮನೆಯಲ್ಲಿ ಉಳಿದಿದೆ. ಉಳಿದಿದ್ದರೆ ಕಡಿಮೆ ತಿಂದಿರಬೇಕು, ಹುಣ್ಣಾಗಿದ್ದರೆ ಹೆಚ್ಚು ತಿಂದಿರಬೇಕು. ಎರಡೂ ಒಟ್ಟಿಗೆ ಹೇಗೆ?

"ಅಮ್ಮ, ವಾರಕ್ಕೆ ಒಂದೇ ದಿನ ತಾನೆ ತಗೊಳ್ಳೋದು?"

"ಅವಳು ಬಂದ್ಮೇಲೆ ಫೋನ್ ಮಾಡೋಕೆ ಹೇಳಿ."

"ನನ್ನ ಹತ್ರಾನೇ ಹೇಳಬಹುದಲ್ಲ."

"ನಿಮ್ಮ ಹತ್ರ ಹೇಳಿದ್ರೆ ನಗ್ತೀರಿ."

"ನಾನ್ಯಾಕೆ ನಗ್ಲಿ ಅಮ್ಮ?"

"ಗ್ರಹಣ, ಬ್ಲಡ್ ಟೆಸ್ಟ್ ಮುಂದಕ್ಕೆ ಹಾಕಿ ಅಂದಾಗ ನಗಲಿಲ್ವೇ? ರಾಹುಗೆ ಲಂಡನ್ ವೀಸಾ ಸಿಕ್ಕಿಲ್ಲಮ್ಮ, ಧೈರ್ಯವಾಗಿ ಬನ್ನಿ ಅಂದ್ರಿ."

ನನಗೆ ಇದು ಸ್ವಲ್ಪವೂ ನೆನಪಿಲ್ಲ. ಈಗಲೂ ಇಲ್ಲ. ಹಾಗೆ ಹೇಳಿರಲಾರೆ ಎಂದು ಪ್ರಮಾಣ ಮಾಡಲೂ ಧೈರ್ಯವಿಲ್ಲ, ಯಾಕೆಂದರೆ ಹಾಸ್ಯ ನನ್ನದೇ ಧಾಟಿಯದು. ಇವತ್ತೇ ಆಸ್ಪತ್ರೆಗೆ ಹೋಗಬೇಕಾಗಬಹುದು ಎಂದೆ. "ಬಾಯಿ ಹುಣ್ಣಿಗಾ?" ಎಂದು ಅವರು ಫೋನ್ ಇಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

ಆಗ ನನ್ನ ಮುಂದೆ ಎರಡು ದಾರಿಗಳಿದ್ದವು. ನೇರವಾಗಿ ಡಾಕ್ಟರಿಗೆ ಹೇಳಿ, ಬಾಯಿ ಹುಣ್ಣಿನ ಸುಳಿವು ಹಿಡಿದವನು ನಾನೆಂದು ದಾಖಲಾಗುವಂತೆ ಮಾಡಿ, ಆಂಬ್ಯುಲೆನ್ಸ್ ಕಳಿಸಬಹುದಿತ್ತು. ಬಾಯಿ ಹುಣ್ಣಿಗೆ ಆಸ್ಪತ್ರೆಯೇ ಬೇಡ ಎನ್ನುವ ಹೆಂಗಸು ಅದನ್ನು ಬಾಗಿಲಿಂದಲೇ ವಾಪಸು ಕಳಿಸುತ್ತಿದ್ದರು. ಇನ್ನೊಂದು ದಾರಿ ಎದುರು ಮೇಜಿನವಳು, ಅವರು ನಿಜ ಹೇಳುವುದು ಅವಳೊಬ್ಬಳಿಗೆ ಮಾತ್ರ. ಅವಳನ್ನು ಕರೆದರೆ ಇದು ಅವಳ ಕೇಸಾಗುತ್ತದೆ ಎಂಬ ಯೋಚನೆ ಆ ಗಳಿಗೆಯಲ್ಲೂ ಬಂತು. ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮೆಟ್ಟಿಲಿಳಿದು ಹೋದೆ.

ಆಕೆ ಹಿತ್ತಲ ಕಾರ್ ಪಾರ್ಕಿನ ಗೋಡೆಯ ಮೇಲೆ ಕೂತು ನೀರುದೋಸೆ ತಿನ್ನುತ್ತಿದ್ದಳು.

"ಏನ್ರೀ, ಬರೇ ‘ಕೊಡಬೇಡಿ’ ಅಂತ ಬರದ್ರ ಏನು ತಿಳೀಬೇಕ್ರೀ?" ಎಂದೆ. ಸಿಟ್ಟು ಬಂದಾಗ ನನ್ನ ಬಾಯಲ್ಲಿ ಧಾರವಾಡ ಬರುತ್ತದೆ.

"ಮಾರಾಯ್ರೆ, ನನಗೇ ಗೊತ್ತಾಗ್ಲಿಲ್ಲ. ಉಳಿದಿದೆ, ಈ ಸಲ ಬೇಡ ಅಂದ್ರು. ಅಷ್ಟರಲ್ಲಿ ಸೊಸೆ ಬಂದ್ರು ಅಂತ ಕಾಣ್ತದೆ, ಫೋನ್ ಇಟ್ರು."

"ಬಾಯಿ ಹುಣ್ಣಾಗಿದೆ ಅವರಿಗೆ."

ಆಕೆ ಅರ್ಧ ದೋಸೆಯ ಮೇಲೆಯೇ ಡಬ್ಬಿ ಮುಚ್ಚಿದಳು. ಅವಳಿಗೂ ವಿವರಣೆ ಬೇಕಿರಲಿಲ್ಲ. ಹೋಗುವ ದಾರಿಯಲ್ಲೇ ಆ ದಿನದ ಡಾಕ್ಟರ ಬಾಗಿಲು ತಟ್ಟಿ ವಿಷಯ ಹೇಳಿದೆವು. ಮೊದಲು ಮಾತ್ರೆ ನಿಲ್ಲಿಸಿ, ಹೇಗಾದರೂ ಆಸ್ಪತ್ರೆಗೆ ಹೊರಡಿಸಿ, ಅಲ್ಲಿಗೆ ನಾನು ಫೋನ್ ಮಾಡುತ್ತೇನೆ ಎಂದರು ಅವರು. ಮೇಲೆ ಬಂದು ಆಕೆಯ ಫೋನಿನ ಸ್ಪೀಕರ್ ಹಾಕಿದೆವು. ಆಕೆಯ ಕರೆಯನ್ನು ಅಮ್ಮ ಕೂಡಲೇ ಎತ್ತಿದರು.

"ಅಮ್ಮ, ಎಂತ ಮಾಡ್ತಾ ಇದ್ದೀರಿ?"

"ಹೇಳಮ್ಮ. ಈಗ ತಾನೆ ಅವರು ಫೋನ್ ಮಾಡಿದ್ರು. ಪೊಲೀಸ್ನೋರ ತರ ಕೇಳ್ತಾರೆ ಕಣೆ."

"ಅವರೂ ಇಲ್ಲೇ ಇದ್ದಾರೆ ಅಮ್ಮ. ಕೇಳ್ತಾ ಇದ್ದಾರೆ."

"ಇರ್ಲಿ ಬಿಡು, ಕೇಳಿಸ್ಕೊಳ್ಳಲಿ."

ನಾನು ಮೇಜಿನ ಮೇಲಿನ ಪೆನ್ನನ್ನೇ ನೋಡುತ್ತ ನಿಂತೆ.

"ಬಾಯಿ ಹುಣ್ಣಿಗೆ ಎಂತ ತಿಂತಾ ಇದ್ದೀರಿ?"

"ಮೊಸರನ್ನ. ಅದೂ ಉರಿಯತ್ತೆ. ಶ್ರಾವಣದಲ್ಲಿ ಒಪ್ಪತ್ತು ಮಾಡ್ದಾಗ್ಲೂ ಇಷ್ಟು ಕಡಿಮೆ ತಿಂದಿರಲಿಲ್ಲ."

"ಶ್ರಾವಣದಲ್ಲಿ ದಿನಾ ಒಪ್ಪತ್ತಾ?"

"ಇಲ್ವೇ, ಸೋಮವಾರ ಮಾತ್ರ."

ಆಕೆ ನನ್ನ ಮುಖ ನೋಡಿದಳು. ನಾನು ಆಕೆಯ ಮುಖ ನೋಡಿದೆ. ನನ್ನ ತಾಯಿ ಬದುಕಿದ್ದಷ್ಟು ಕಾಲ ಶ್ರಾವಣ ಸೋಮವಾರ ಬಿಟ್ಟವಳಲ್ಲ. ನನ್ನ ನಿಯಮಕ್ಕೆ ವಾರ ಆರಿಸುವಾಗ ನನಗೆ ಹೊಳೆದದ್ದು ಮಾತ್ರ ಇಂಗ್ಲಿಷಿನ ಅಕ್ಷರ.

"ನಮ್ಮಲ್ಲೂ ಉಂಟಲ್ಲ ಅಮ್ಮ, ಈಸ್ಟರಿಗೆ ಮೊದಲು," ಎಂದಳು ಆಕೆ ಸ್ವರ ಬದಲಿಸದೆ. "ಉಪವಾಸದ ದಿನ ನನ್ನಮ್ಮ ಮಾತ್ರೆ ನುಂಗ್ಲಿಕ್ಕೂ ಹಿಂದೆಮುಂದೆ ನೋಡ್ತಾರೆ. ನೀವು?"

"ಬೇರೆ ಮಾತ್ರೆ ಎಲ್ಲ ತಗೋತೀನಿ. ಅದೊಂದು ಬಿಟ್ಟು. ಅದು ವಿಷ, ಮುಟ್ಟಿದ್ರೆ ಕೈ ತೊಳ್ಕೊಳ್ಳಿ ಅಂತ ಅವರೇ ಹೇಳಿದಾರಲ್ಲ. ಅಂಥದ್ದನ್ನ ಹೊಟ್ಟೆಗೆ ಹಾಕ್ಕೊಂಡು ಈಶ್ವರನ ಮುಂದೆ ಹೇಗೆ ಕೂರ್ಲಿ ಹೇಳು?"

"ಹೌದಲ್ವಾ. ಮತ್ತೆ ಬಿಟ್ಟದ್ದನ್ನ ಎಂತ ಮಾಡಿದ್ರಿ?"

"ಬಿಸಾಡೋಕಾಗತ್ತಾ? ನೋವು ಬೇರೆ ಜಾಸ್ತಿಯಾಯ್ತು. ಪಾರಾಯಣ ಮಧ್ಯೆ ತಪ್ಪಿದ್ರೆ ಆಮೇಲೆ ಕೂತು ಮುಗಿಸಲ್ವೇ? ಹಾಗೆ ಬಾಕಿ ತೀರಿಸ್ತಿದೀನಿ. ದಿನಾ ಬೆಳಿಗ್ಗೆ ಒಂದೊಂದು ವಾರದ್ದು. ಇನ್ನೊಂದು ಸ್ವಲ್ಪ ಉಳಿದಿದೆ ಅಷ್ಟೆ."

ನಾನು ಒಂದು ಹಳೆಯ ಲಕೋಟೆಯ ಮೇಲೆ "ಜ್ವರ? ವಸಡಿನಲ್ಲಿ ರಕ್ತ? ಮೈಮೇಲೆ ನೀಲಿ ಕಲೆ?" ಎಂದು ಬರೆದು ಆಕೆಯತ್ತ ತಳ್ಳಿದೆ. ಆಕೆ ಒಂದೊಂದಾಗಿ ಕೇಳಿದಳು. ಹಲ್ಲುಜ್ಜುವಾಗ ರಕ್ತ ಬರುತ್ತಿತ್ತು. ಇವತ್ತೇ, ಈಗಲೇ ಆಸ್ಪತ್ರೆಗೆ ಹೋಗಬೇಕು ಎಂದಾಗ ಮಾತ್ರ ಅಮ್ಮನ ದನಿ ಗಟ್ಟಿಯಾಯಿತು.

"ಮಗನಿಗೆ ಗೊತ್ತಾಗೋದು ಬೇಡ. ಡಾಕ್ಟರ ಮನೇಲೇ ಹಿಂಗೆ ಅಂತ ನಾಳೆ ಅವನ ಆಸ್ಪತ್ರೆಯೋರು ಆಡ್ಕೊಳ್ತಾರೆ. ಮಾತ್ರೆ ನಿಲ್ಲಿಸ್ತೀನಿ, ಸಾಕಲ್ಲ."

"ಹಾಗಲ್ಲ ಅಮ್ಮ, ಸ್ವಲ್ಪ ಕೇಳಿ…" ಆಕೆ ಪುಸಲಾಯಿಸಿದಳು, ಗದರಿದಳು, ಮತ್ತೆ ಪುಸಲಾಯಿಸಿದಳು. ಅಮ್ಮ ಜಗ್ಗಲಿಲ್ಲ. ಆಕೆಗೆ ಮೊದಲ ಸಲ ಮಾತು ತೀರಿಹೋದದ್ದನ್ನು ನೋಡಿದೆ. ನನಗೆ ಸಂತೋಷವಾಗಲಿಲ್ಲ ಎಂದು ನೆನಪು. ಈ ನೆನಪು ನನಗೆ ಅನುಕೂಲಕರ, ಆದ್ದರಿಂದ ಅದನ್ನು ಪೂರ್ತಿ ನಂಬುವುದಿಲ್ಲ.

ನಾನು ಫೋನಿನ ಕಡೆ ಬಗ್ಗಿದೆ.

"ಅಮ್ಮ, ಪೊಲೀಸ್ನೋನು ಮಾತಾಡ್ತಿದೀನಿ. ನಿಮ್ಮ ಮೈಯಲ್ಲಿ ರಕ್ತ ತಯಾರಾಗೋದು ನಿಲ್ತಾ ಇದೆ ಅಂತ ನಮ್ಮ ಭಯ. ಇವತ್ತು ಹೋದ್ರೆ ಅದಕ್ಕೆ ಔಷಧಿ ಇದೆ. ನಾಳೆ ಅಂದ್ರೆ ನೀವು ಉಳೀತೀರಿ ಅಂತ ನಾನು ಹೇಳಲಾರೆ. ಮಗನಿಗೆ ನಾಚಿಕೆ ಆದ್ರೆ ಆಗ್ಲಿ."

ಅವರು ಫೋನನ್ನು ದೂರ ಹಿಡಿದು ಮಹಡಿಯ ಕಡೆ ಕೂಗಿದ್ದು ಕೇಳಿಸಿತು. "ಏನೇ, ನಿನ್ನ ಮೀಟಿಂಗ್ ಮುಗಿಸಿ ಕೆಳಗೆ ಬಾ. ಕಾರ್ ತೆಗೀಬೇಕಂತೆ."

ಆಸ್ಪತ್ರೆಯಲ್ಲಿ ಅವರ ಬಿಳಿ ರಕ್ತಕಣಗಳು ಬಹಳ ಕೆಳಗಿಳಿದಿದ್ದವು. ಪ್ರತ್ಯೌಷಧ ಕೊಟ್ಟು ಬೇರೆ ಕೋಣೆಯಲ್ಲಿ ಇಟ್ಟುಕೊಂಡರು. ಮೊದಲ ಕೆಲ ದಿನ ಜ್ವರ ಏರಿ, ಉಳಿಯುವ ಖಾತ್ರಿ ಇರಲಿಲ್ಲ. ನಾನು ಬೆಳಿಗ್ಗೆ ಬಂದ ಕೂಡಲೇ ಪರದೆಯಲ್ಲಿ ಅವರ ರಕ್ತದ ಫಲಿತಾಂಶ ತೆರೆಯುತ್ತಿದ್ದೆ. ಎದುರು ಮೇಜಿನವಳು ಅದಕ್ಕೂ ಮುಂಚೆ ಬಂದು ತೆರೆದಿರುತ್ತಿದ್ದಳು. ಅದೂ ನನ್ನನ್ನು ಚುಚ್ಚುತ್ತಿತ್ತು. ಕೊನೆಗೆ ಕಣಗಳು ಏರತೊಡಗಿ ಅವರು ಮನೆಗೆ ಬಂದರು.

ದವಾಖಾನೆಯ ಸಭೆಯಲ್ಲಿ ಹಿರಿಯ ಡಾಕ್ಟರು ಆಕೆಯನ್ನು ಮೆಚ್ಚಿಕೊಂಡರು. "ಇಬ್ಬರೂ ಸೇರಿ ಮಾಡಿದ್ದು," ಎಂದು ಆಕೆ ಹೇಳಿದಳೆಂದು ನನ್ನ ನೆನಪು. ಅಥವಾ ಹಾಗೆ ಹೇಳಲಿ ಎಂದು ನಾನು ಕಾದದ್ದೇ ನೆನಪಾಗಿ ಉಳಿದಿದೆಯೋ ಏನೋ. ಆಕೆಯ ಬಗ್ಗೆ ಕೃತಜ್ಞತೆ ಹುಟ್ಟಿದರೆ ಹೊಟ್ಟೆಕಿಚ್ಚು ತಾನಾಗಿ ಆರುತ್ತದೆ ಎಂದುಕೊಂಡಿದ್ದೆ. ಆರಲಿಲ್ಲ. ಎರಡೂ ಒಂದೇ ಮನೆಯಲ್ಲಿ ಬಾಡಿಗೆಗಿದ್ದಂತೆ ಇದ್ದವು.

ಅದೇ ಸಭೆಯಲ್ಲಿ ನನ್ನ ನಿಯಮ ರದ್ದಾಯಿತು. ರದ್ದು ಮಾಡಿ ಎಂದು ಕೇಳಿದವನು ನಾನೇ. ಮೆಥೊಟ್ರೆಕ್ಸೇಟ್ ನುಂಗುವ ಪ್ರತಿಯೊಬ್ಬರಿಗೂ ಮತ್ತೆ ಫೋನ್ ಮಾಡಿ, ನಿಮಗೆ ಯಾವ ದಿನ ಆಗದು ಎಂದು ಮೊದಲು ಕೇಳಿದೆವು. ಸೋಮವಾರ ಪಬ್ಬಿನಲ್ಲಿ ಕ್ವಿಝ್, ಆ ದಿನ ಬಿಯರ್ ಬಿಡಲಾರೆ, ಅದಕ್ಕೇ ಮೊದಲಿಂದಲೂ ನಿಮ್ಮ ಮಾತು ಕೇಳದೆ ಭಾನುವಾರವೇ ನುಂಗುತ್ತಿದ್ದೇನೆ ಎಂದ ಒಬ್ಬ ಇಂಗ್ಲಿಷ್ ಮುದುಕ. ನನ್ನ ಪರದೆಯಲ್ಲಿ ಅವನೂ ಆದರ್ಶ ರೋಗಿಯೇ ಆಗಿದ್ದ.

ಬಹಳ ಸಮಯದ ನಂತರ ಆಸ್ಪತ್ರೆಯವರು ಮೈಸೂರಿನ ಅಮ್ಮನಿಗೆ ಅದೇ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಮತ್ತೆ ಶುರು ಮಾಡಲು ಬರೆದರು. ಎದುರು ಮೇಜಿನವಳು ರಜೆಯ ಮೇಲೆ ಊರಿಗೆ ಹೋಗಿದ್ದಳು. ಫೋನ್ ಮಾಡಬೇಕಾದವನು ನಾನು. ಕೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಮಾಡಿದೆ.

"ಅಮ್ಮ, ಮಾತ್ರೆ ಶುರು ಮಾಡೋಕೆ ಮುಂಚೆ ಒಂದು ಮಾತು. ನಿಮಗೆ ಯಾವ ವಾರ ಆಗ್ಬರಲ್ಲ?"

"ಸೋಮವಾರ ಗೊತ್ತೇ ಇದೆ. ಗುರುವಾರ ರಾಯರ ವಾರ. ಶುಕ್ರವಾರ ಲಕ್ಷ್ಮಿ. ಶನಿವಾರ ಶನಿದೇವರು. ಮಂಗಳವಾರ ನಾನು ಹೊಸದೇನೂ ಶುರು ಮಾಡಲ್ಲ. ಭಾನುವಾರ ಮಗ ಮನೇಲಿರ್ತಾನೆ, ಮಾತ್ರೆ ಎಣಿಸ್ಕೊಂಡು ಕಾವಲು ಕೂರ್ತಾನೆ, ಬೇಡ. ನಗ್ತಿದೀರಾ?"

"ಇಲ್ಲಮ್ಮ. ಹಾಗಾದ್ರೆ ಬುಧವಾರ."

"ಬುಧವಾರ ಅಂತಾನೇ ಅವಳು ಊರಿಗೆ ಹೋಗೋ ಮುಂಚೆ ಕೇಳಿ ಗೊತ್ತು ಮಾಡಿದಾಳಲ್ಲ. ನಿಮಗೆ ಹೇಳಿಲ್ವೇ?"

ಹೇಳಿದ್ದಳೋ ಇಲ್ಲವೋ ನನಗೆ ತಿಳಿಯದು. ಹೇಳಿಯೂ ಇರಬಹುದು.

"ಒಂದು ಬುಧವಾರ ತಪ್ಪಿಹೋಯ್ತು ಅನ್ನಿ. ಏನ್ಮಾಡ್ತೀರಿ?"

"ನಿಮಗೆ ಫೋನ್ ಮಾಡ್ತೀನಿ. ಬಾಕಿ ತೀರಿಸೋಕೆ ಹೋಗಲ್ಲ."

"ಸರಿ. ಯಾವ ವಾರ ಅಂದ್ರಿ?"

"ಅಯ್ಯೋ, ಈಗ ತಾನೆ ಹೇಳಿದ್ನಲ್ಲಪ್ಪಾ! ಅವಳು ಒಂದೇ ಸಲ ಕೇಳಿದ್ದು."

"ನಾನು ಎರಡು ಸಲ ಕೇಳ್ತೀನಮ್ಮ. ಹೇಳಿ."

"ಬು-ಧ-ವಾ-ರ," ಎಂದರು ಅವರು, ಹಿಂದಿನ ಬೆಂಚಿನ ಹುಡುಗನಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ. ನಾನು ಟೈಪ್ ಮಾಡಿದೆ.